ಕತ್ತರಿಸಿಟ್ಟುಕೊಂಡರೂ ತಪ್ಪಾಗದ ವಾಕ್ಯ: ಜನಸಾಮಾನ್ಯರಿಗಾಗಿ ಕಾನೂನು ಬರೆಯುವವರಿಗೊಂದು ಕೈಪಿಡಿ

ದಾವಣಗೆರೆಯ ನ್ಯಾಯಾಲಯದ ಆವರಣದಲ್ಲಿ ಬೆಳಿಗ್ಗೆ ಹತ್ತೂವರೆಯ ಹೊತ್ತಿಗೆ ಅರ್ಧ ಗಂಟೆ ನಿಂತರೆ, ಪಹಣಿ, ಹಳೆಯ ಕ್ರಯಪತ್ರದ ಜೆರಾಕ್ಸ್, ವಂಶವೃಕ್ಷ ಎಲ್ಲವನ್ನೂ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಜೋಡಿಸಿಕೊಂಡು ಬರುವ ಕಕ್ಷಿದಾರರನ್ನು ನೋಡಬಹುದು. ಆ ಕವರಿನಲ್ಲಿ ಕೆಲವೊಮ್ಮೆ ಪತ್ರಿಕೆಯಿಂದ ಕತ್ತರಿಸಿದ ಒಂದು ತುಂಡೂ ಇರುತ್ತದೆ. ಅದು ಯಾರೋ ಬರೆದ ಕಾನೂನು ಅಂಕಣ. ಅದರಲ್ಲಿ ಒಂದೇ ಒಂದು ವಾಕ್ಯದ ಕೆಳಗೆ ಪೆನ್ನಿನ ಗೆರೆ. ವಕೀಲರ ಮೇಜಿನ ಮೇಲೆ ಆ ತುಂಡನ್ನು ಬಿಡಿಸಿಟ್ಟು, "ಪೇಪರಿನಲ್ಲೇ ಹಿಂಗೆ ಬರೆದಾರಲ್ಲ ಸರ್" ಎನ್ನುತ್ತಾರೆ. ಬರೆದವನು ಹಿಂದಿನ ಸಾಲಿನಲ್ಲಿ ಹಾಕಿದ್ದ ಷರತ್ತು, ಮುಂದಿನ ಸಾಲಿನಲ್ಲಿ ಹೇಳಿದ್ದ ಅಪವಾದ ಇವು ಯಾವುವೂ ಆ ಗೆರೆಯ ಮೇಲಿರುವುದಿಲ್ಲ.

ವಕೀಲಿಯ ಜೊತೆಗೆ ಹಲವು ವರ್ಷಗಳಿಂದ ಇಂಥ ಅಂಕಣವನ್ನು ಬರೆಯುತ್ತ ಬಂದಿರುವ ನನಗೆ ಈ ಪೆನ್ನಿನ ಗೆರೆಯೇ ಗುರುವಾಯಿತೆನ್ನಬೇಕು. ಲೇಖನ ಒಟ್ಟಾರೆ ಸರಿಯಾಗಿದ್ದರೆ ಸಾಲದು. ಓದುಗನಿಗೆ ಹೀಗೆ ಮಾಡಿ ಎಂದು ಹೇಳುವ ಯಾವ ವಾಕ್ಯವನ್ನು ಬೇರ್ಪಡಿಸಿ ತೆಗೆದರೂ ಅದು ಅರ್ಧವಾಗಬಹುದು, ತಪ್ಪಾಗಬಾರದು. ಕಾನೂನು ಪದವಿ ಮುಗಿಸಿ ಈ ಕೆಲಸಕ್ಕೆ ಬರಬೇಕೆಂದಿರುವವರಿಗೆ ನಾನು ಹೇಳಬೇಕಾದದ್ದೆಲ್ಲ ಈ ಒಂದು ಅಳತೆಗೋಲಿನಿಂದಲೇ ಹೊರಡುತ್ತದೆ.

ಬರೆಯುವ ಅಧಿಕಾರ ಮತ್ತು ಅದರ ಎಲ್ಲೆ

ಕಾನೂನು ಪದವಿ ಇಲ್ಲದವರು ಕಾನೂನಿನ ಬಗ್ಗೆ ಬರೆಯಬಾರದೆಂಬ ನಿರ್ಬಂಧವಿಲ್ಲ. 1961ರ ವಕೀಲರ ಕಾಯ್ದೆಯು ವಕೀಲಿ ವೃತ್ತಿ ನಡೆಸುವುದನ್ನು ವಕೀಲರಿಗೆ ಮೀಸಲಿಟ್ಟಿದೆಯೇ ಹೊರತು ಕಾನೂನನ್ನು ವಿವರಿಸುವುದನ್ನಲ್ಲ. ಕಂದಾಯ ಇಲಾಖೆಯಿಂದ ನಿವೃತ್ತರಾದ ಶಿರಸ್ತೇದಾರರೊಬ್ಬರು ಪೋಡಿ (ಜಮೀನನ್ನು ಅಳೆದು ಬೇರ್ಪಡಿಸುವುದು) ಮತ್ತು ಖಾತೆ ಬದಲಾವಣೆಯ ಬಗ್ಗೆ ಬರೆದರೆ, ನನ್ನಂಥ ಅನೇಕ ವಕೀಲರಿಗಿಂತ ಚೆನ್ನಾಗಿಯೇ ಬರೆದಾರು. ಆದರೆ ದಾವಣಗೆರೆಯ ಆರ್.ಎಲ್. ಕಾನೂನು ಕಾಲೇಜಿನಲ್ಲೋ ಚಿತ್ರದುರ್ಗದ ಸರಸ್ವತಿ ಕಾನೂನು ಕಾಲೇಜಿನಲ್ಲೋ ಓದಿ, ಸನ್ನದು ಪಡೆದು, ಬರವಣಿಗೆಯನ್ನೂ ನಡೆಸಬೇಕೆನ್ನುವವರು ಭಾರತೀಯ ವಕೀಲರ ಪರಿಷತ್ತಿನ ಎರಡು ನಿಯಮಗಳನ್ನು ಮೊದಲೇ ಓದಿಕೊಂಡಿರಬೇಕು.

ಒಂದು, ವೃತ್ತಿ ನಡತೆಯ ಅಧ್ಯಾಯದ 51ನೆಯ ನಿಯಮ. ವಕೀಲರು ಪತ್ರಿಕೋದ್ಯಮ, ಪ್ರಸಾರ, ಉಪನ್ಯಾಸ ಮತ್ತು ಬೋಧನೆಯಲ್ಲಿ ತೊಡಗಬಹುದೆಂದು ಅದು ಒಪ್ಪುತ್ತದೆ. ಪತ್ರಿಕೆಗಳಿಗೆ ಬರಹಗಳನ್ನು ಪರಿಶೀಲಿಸಿಕೊಡುವುದನ್ನೂ ಹೆಸರಿಸಿ ಒಪ್ಪುತ್ತದೆ. ಆದರೆ ಪತ್ರಿಕೋದ್ಯಮ, ಪ್ರಸಾರ, ಉಪನ್ಯಾಸ, ಬೋಧನೆಗೆ ಸಿಕ್ಕಿರುವುದು ಜಾಹೀರಾತು ಮತ್ತು ಪೂರ್ಣಾವಧಿ ನೌಕರಿಗೆ ಸಂಬಂಧಿಸಿದ ನಿಷೇಧಗಳಿಗೆ ಒಳಪಟ್ಟ ಒಪ್ಪಿಗೆ. ಇನ್ನೊಂದು 36ನೆಯ ನಿಯಮ. ನೇರವಾಗಿಯೂ ಬಳಸುದಾರಿಯಲ್ಲಿಯೂ ಕೆಲಸವನ್ನು ಕೇಳಿಕೊಳ್ಳುವಂತಿಲ್ಲ, ಪ್ರಚಾರ ಮಾಡಿಕೊಳ್ಳುವಂತಿಲ್ಲ ಎನ್ನುವುದು ಅದರ ತಿರುಳು. ಆದ್ದರಿಂದ ಅಂಕಣದ ಕೊನೆಯಲ್ಲಿ ಕಚೇರಿಯ ವಿಳಾಸ, ಮೊಬೈಲ್ ಸಂಖ್ಯೆ, "ಹೆಚ್ಚಿನ ಮಾಹಿತಿಗೆ ಸಂಪರ್ಕಿಸಿ" ಎನ್ನುವ ಸಾಲು ಯಾವುದೂ ಇರಬಾರದು. ಸಂಪಾದಕರು ಒಳ್ಳೆಯ ಮನಸ್ಸಿನಿಂದಲೇ ಅವನ್ನು ಸೇರಿಸಿಬಿಡುವುದುಂಟು. ಪುಟ ಅಚ್ಚಿಗೆ ಹೋಗುವ ಮೊದಲೇ ತೆಗೆಸಬೇಕು. ಓದುಗನಿಗೆ ಮುಂದಿನ ದಾರಿ ತೋರಿಸಲೇಬೇಕೆಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವಿದೆ, ತಾಲ್ಲೂಕು ಸಮಿತಿಗಳಿವೆ, 15100 ಎಂಬ ಸಹಾಯವಾಣಿಯಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೆಯ ಸೆಕ್ಷನ್ನಿನ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು ಆದಾಯ ಎಷ್ಟಿದ್ದರೂ ಉಚಿತ ಕಾನೂನು ನೆರವಿಗೆ ಅರ್ಹರು. ಬಡ ಹೆಂಗಸರಿಗೆ ಮಾತ್ರ ಎಂದು ತಿಳಿದು ಕೇಳಲು ಹೋಗದೇ ಉಳಿದವರು ನಮ್ಮ ಕಡೆ ಈಗಲೂ ಇದ್ದಾರೆ.

ಪತ್ರದೊಳಗಿನ ಪ್ರಶ್ನೆಯನ್ನು ಹುಡುಕುವುದು

ಓದುಗರ ಪತ್ರದಲ್ಲಿರುವ ಪ್ರಶ್ನೆಗೆ ಉತ್ತರ ಕೊಟ್ಟರೆ ಕೆಲಸ ಮುಗಿಯಿತೆಂದು ಹೊಸಬರು ತಿಳಿಯುತ್ತಾರೆ. ಆದರೆ ಪತ್ರ ಬರೆದವರಿಗೆ ತಮ್ಮ ಸಂಗತಿಯಲ್ಲಿ ಯಾವುದು ಕಾನೂನಿನ ಕಣ್ಣಿಗೆ ಮುಖ್ಯವೆಂದು ಗೊತ್ತಿರುವುದಿಲ್ಲ. ಗೊತ್ತಿದ್ದರೆ ಅವರು ಪತ್ರವನ್ನೇ ಬರೆಯುತ್ತಿರಲಿಲ್ಲ.

ಚನ್ನಗಿರಿ, ಹೊಳಲ್ಕೆರೆಯ ಅಡಿಕೆ ಸೀಮೆಯಿಂದ ಬರುವ ಪತ್ರಗಳಲ್ಲಿ ಅರ್ಧದಷ್ಟರ ಧಾಟಿ ಒಂದೇ: "ನಮ್ಮ ತಂದೆಯವರು 1998ರಲ್ಲಿ ತೀರಿಕೊಂಡರು. ತೋಟ ಅಣ್ಣಂದಿರ ಹೆಸರಿನಲ್ಲಿದೆ. ನನಗೆ ಪಾಲು ಬರುತ್ತದೆಯೇ?" ಇದಕ್ಕೆ ಬರುತ್ತದೆ ಎಂದಾಗಲೀ ಬರುವುದಿಲ್ಲ ಎಂದಾಗಲೀ ಬರೆದವನು ಎಡವಿದಂತೆಯೇ. ತೋಟ ತಂದೆಯ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಎನ್ನುವುದನ್ನು ಪತ್ರ ಬರೆದ ಹೆಣ್ಣುಮಗಳು ಹೇಳಿಲ್ಲ. ಸ್ವಯಾರ್ಜಿತವಾಗಿದ್ದು, ತಂದೆ ವಿಲ್ ಬರೆಯದೆ ತೀರಿಕೊಂಡಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ದಿನದಿಂದಲೂ ಮಗಳು ಮೊದಲ ದರ್ಜೆಯ ವಾರಸುದಾರಳು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟ 2005ರ ತಿದ್ದುಪಡಿಯ ಮಾತೇ ಅಲ್ಲಿ ಬೇಕಿಲ್ಲ. ಪಿತ್ರಾರ್ಜಿತವಾಗಿದ್ದರೆ, 9 ಸೆಪ್ಟೆಂಬರ್ 2005ರಿಂದ ಜಾರಿಗೆ ಬಂದ ತಿದ್ದುಪಡಿಯನ್ನು ಮತ್ತು 11 ಆಗಸ್ಟ್ 2020ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ನೀಡಿದ ತೀರ್ಪನ್ನು ಒಟ್ಟಿಗೆ ಓದಬೇಕು. ಮಗಳ ಹಕ್ಕು ಹುಟ್ಟಿನಿಂದ ಬಂದದ್ದು, ಆದ್ದರಿಂದ 2005ರಲ್ಲಿ ತಂದೆ ಬದುಕಿರಬೇಕಾದ ಅಗತ್ಯವಿಲ್ಲ ಎಂದು ಆ ತೀರ್ಪು ಹೇಳಿತು. ಅಷ್ಟಕ್ಕೇ ನಿಲ್ಲಿಸಿದರೆ ಮತ್ತೆ ತಪ್ಪು. 20 ಡಿಸೆಂಬರ್ 2004ಕ್ಕೆ ಮೊದಲೇ ನೋಂದಾಯಿತ ವಿಭಾಗ ಪತ್ರದಿಂದಲೋ ನ್ಯಾಯಾಲಯದ ಡಿಕ್ರಿಯಿಂದಲೋ ಪಾಲಾಗಿದ್ದರೆ, ಅಥವಾ ಆ ದಿನಕ್ಕೆ ಮೊದಲೇ ತೋಟ ಮಾರಾಟವಾಗಿದ್ದರೆ, ಅದನ್ನು ಕಾಯ್ದೆ ಕದಲಿಸುವುದಿಲ್ಲ. ಇನ್ನು ತವರಿನವರು ಯಾವಾಗಲೋ ಉಪನೋಂದಣಿ ಕಚೇರಿಗೆ ಕರೆದೊಯ್ದು ಹಾಕಿಸಿಕೊಂಡ ಸಹಿ ಹಕ್ಕು ಬಿಡುಗಡೆ ಪತ್ರಕ್ಕೆ ಹಾಕಿದ ಸಹಿಯೇ ಎನ್ನುವುದು ಬೇರೆಯದೇ ಪ್ರಶ್ನೆ.

ಹಾಗಾಗಿ ಇಂಥ ಪತ್ರಕ್ಕೆ ಉತ್ತರ ಕವಲೊಡೆಯಬೇಕು: ತೋಟ ಹೀಗಿದ್ದರೆ ಇಂತು, ಹಾಗಿದ್ದರೆ ಅಂತು. ಕವಲು ಹೆಚ್ಚಾದರೆ ಓದುಗ ಬೇಸರಪಟ್ಟಾನೆಂಬ ಸಂಪಾದಕರ ಆತಂಕಕ್ಕೆ ನನ್ನ ಉತ್ತರ ಒಂದೇ. ತನ್ನ ತೋಟದ ವಿಷಯ ಓದುವವನು ಬೇಸರಪಡುವುದಿಲ್ಲ.

ಕೇಳಿದವರು ಒಪ್ಪಿಕೊಂಡೇ ಬಂದಿರುವ ತಪ್ಪು ನಂಬಿಕೆಯನ್ನೂ ಪತ್ರದಲ್ಲಿ ಗುರುತಿಸಬೇಕು. "ಖಾತೆ ಅಣ್ಣನ ಹೆಸರಿಗೆ ಆಗಿಹೋಗಿದೆ" ಎಂದು ಆಕೆ ಬರೆದಾಗ, ಎಲ್ಲ ಮುಗಿದಂತೆ ಎಂಬ ಭಾವನೆ ಆ ಸಾಲಿನಲ್ಲಿದೆ. ಖಾತೆ ಅಥವಾ ಮ್ಯುಟೇಷನ್ ಎನ್ನುವುದು ಕಂದಾಯ ಯಾರಿಂದ ವಸೂಲಾಗಬೇಕೆಂಬ ದಾಖಲೆ. ಪಹಣಿಯ ನಮೂದು ಬೇರೆ ರೀತಿ ರುಜುವಾತಾಗುವವರೆಗೆ ಸರಿಯೆಂದು ಭಾವಿಸಲಾಗುತ್ತದೆಯಾದರೂ ಅದರಿಂದಲೇ ಮಾಲೀಕತ್ವ ಹುಟ್ಟುವುದಿಲ್ಲ. ಇದನ್ನು ನಾನು ವರ್ಷಕ್ಕೆ ಎರಡು ಸಲವಾದರೂ ಬರೆಯುತ್ತೇನೆ, ಪ್ರತಿ ಸಲವೂ ಹೊಸದಾಗಿ ಕೇಳಿದಂತೆ ಜನ ಓದುತ್ತಾರೆ.

ಎಲ್ಲಿಂದ ತೆಗೆಯಬೇಕು, ಯಾವುದನ್ನು ನಂಬಬಾರದು

ಕಾಯ್ದೆಯ ಪಠ್ಯವನ್ನು ಕಾಯ್ದೆಯಿಂದಲೇ ತೆಗೆಯಬೇಕು; ಇನ್ನೊಬ್ಬರ ಲೇಖನದಿಂದಲ್ಲ, ವಾಟ್ಸಾಪ್‌ನಲ್ಲಿ ಬಂದ ಚಿತ್ರದಿಂದಂತೂ ಅಲ್ಲವೇ ಅಲ್ಲ. ಕೇಂದ್ರದ ಕಾಯ್ದೆಗಳು ಇಂಡಿಯಾ ಕೋಡ್ ತಾಣದಲ್ಲಿ, ರಾಜ್ಯದ ಕಾಯ್ದೆಗಳು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಸಂಸದೀಯ ವ್ಯವಹಾರಗಳು ಮತ್ತು ಶಾಸನ ರಚನಾ ಇಲಾಖೆಯ ತಾಣದಲ್ಲಿ ಸಿಗುತ್ತವೆ. ಸುಪ್ರೀಂ ಕೋರ್ಟ್ ತನ್ನ ಆಯ್ದ ತೀರ್ಪುಗಳ ಕನ್ನಡ ಅನುವಾದವನ್ನೂ ಪ್ರಕಟಿಸುತ್ತಿದೆ. ಆದರೆ ಅನುವಾದವನ್ನು ದಾರಿ ತಿಳಿಯಲು ಬಳಸಿ, ಬರೆಯುವ ಮೊದಲು ಮೂಲವನ್ನೇ ಓದಬೇಕು. ತೀರ್ಪುಗಳನ್ನು ಉದ್ಧರಿಸುವುದಕ್ಕೆ ಹಕ್ಕುಸ್ವಾಮ್ಯದ ಭಯವಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಸೆಕ್ಷನ್, ನ್ಯಾಯಾಲಯವೇ ತಡೆದಿರದ ಹೊರತು, ಅದಕ್ಕೆ ಅವಕಾಶ ಕೊಟ್ಟಿದೆ.

ಕೇಂದ್ರದ ಕಾಯ್ದೆಯನ್ನಷ್ಟೇ ಓದಿ ಬರೆದವರು ಎಡವುವುದು ರಾಜ್ಯದ ನಿಯಮಗಳಲ್ಲಿ. ಮಾಹಿತಿ ಹಕ್ಕು ಕಾಯ್ದೆಯನ್ನೇ ತೆಗೆದುಕೊಳ್ಳಿ. ಮೂವತ್ತು ದಿನಗಳಲ್ಲಿ ಉತ್ತರ, ಹತ್ತು ರೂಪಾಯಿ ಶುಲ್ಕ ಎಂದೆಲ್ಲ ಎಲ್ಲರೂ ಬರೆಯುತ್ತಾರೆ. ಆದರೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, ಸಾಮಾನ್ಯವಾಗಿ 150 ಪದಗಳನ್ನು ಮೀರಬಾರದು ಎಂಬ ಷರತ್ತು ಇರುವುದು ಕರ್ನಾಟಕದ ನಿಯಮಗಳಲ್ಲಿ. ಜಗಳೂರಿನ ಓದುಗರೊಬ್ಬರು ಕೆರೆಯ ಹೂಳು, ಶಾಲೆಯ ಕಟ್ಟಡ, ಪಡಿತರ ಅಂಗಡಿ ಮೂರನ್ನೂ ನಾಲ್ಕು ಪುಟದ ಒಂದೇ ಅರ್ಜಿಯಲ್ಲಿ ಕೇಳಿ, ಅದು ತಿರಸ್ಕೃತವಾದಾಗ ಅಧಿಕಾರಿಯನ್ನು ಬೈದುಕೊಂಡರೆ, ಅದರಲ್ಲಿ ಅರ್ಧ ತಪ್ಪು ಅಂಕಣಕಾರನದು.

ತೀರ್ಪುಗಳ ವಿಷಯದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ತಂದೆ 9 ಸೆಪ್ಟೆಂಬರ್ 2005ರಂದು ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಎಂದು ಸುಪ್ರೀಂ ಕೋರ್ಟೇ 2015ರಲ್ಲಿ ಪ್ರಕಾಶ್ ವಿರುದ್ಧ ಫೂಲವತಿ ಪ್ರಕರಣದಲ್ಲಿ ಹೇಳಿತ್ತು. ಆ ನಿಲುವನ್ನು 2020ರ ತೀರ್ಪು ತಳ್ಳಿಹಾಕಿತು. ನಡುವಿನ ಐದು ವರ್ಷಗಳಲ್ಲಿ ಬರೆದ ಅಂಕಣಗಳು ಬರೆದಾಗ ಸರಿಯಾಗಿದ್ದವು, ಈಗ ತಪ್ಪು. ಕರ್ನಾಟಕದ 1994ರ ತಿದ್ದುಪಡಿಯನ್ನು ಆಧರಿಸಿದ ಹಳೆಯ ಕನ್ನಡ ಪುಸ್ತಕಗಳೂ ಹಾಗೆಯೇ. ಅದಕ್ಕೆ ಮೊದಲು ಮದುವೆಯಾದ ಹೆಣ್ಣುಮಕ್ಕಳಿಗೆ ಪಾಲಿಲ್ಲವೆಂಬ ಮಾತು ಅವುಗಳಲ್ಲಿ ಇನ್ನೂ ಅಚ್ಚಾಗಿಯೇ ಇದೆ. ಈ ಕಾರಣಕ್ಕೆ ಪ್ರತಿ ಲೇಖನದ ಮೇಲೆ "ಈ ದಿನಾಂಕದವರೆಗಿನ ಕಾನೂನಿನಂತೆ" ಎಂಬ ಒಂದು ಸಾಲು, ತುಂಡು ಕತ್ತರಿಸುವವರ ಕತ್ತರಿಗೆ ಸಿಗುವಷ್ಟು ಹತ್ತಿರದಲ್ಲಿ ಇರಬೇಕು.

1 ಜುಲೈ 2024ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ, ನಾಗರಿಕ ಸುರಕ್ಷಾ ಸಂಹಿತೆ ಮತ್ತು ಸಾಕ್ಷ್ಯ ಅಧಿನಿಯಮದಿಂದಾಗಿ ನಮ್ಮ ಕೆಲಸ ಇಮ್ಮಡಿಯಾಗಿದೆ. ಆ ದಿನಕ್ಕೆ ಮೊದಲು ನಡೆದ ಕೃತ್ಯಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುವುದರಿಂದ ಎರಡೂ ಸಂಖ್ಯೆಗಳು ಕೈಯಲ್ಲಿರಬೇಕು. ವಂಚನೆಯ ಅಪರಾಧ ಈಗ 318ನೆಯ ಸೆಕ್ಷನ್ನಿಗೆ ಹೋಗಿದ್ದರೂ ನಮ್ಮ ಮಂಡಿಪೇಟೆಯಲ್ಲಿ ಯಾರೂ ಯಾರನ್ನೂ "ಅವನೊಬ್ಬ ತ್ರೀ ಒನ್ ಏಟ್" ಎಂದು ಬೈಯುವುದಿಲ್ಲ. "ಫೋರ್ ಟ್ವೆಂಟಿ" ಕಾಯ್ದೆಯಿಂದ ಹೋದರೂ ನಾಲಗೆಯಿಂದ ಹೋಗಲಾರದು. ಹಾಗೆಂದು ಅಂಕಣದಲ್ಲಿ ಹಳೆಯ ಸಂಖ್ಯೆಯನ್ನು ಮಾತ್ರ ಬರೆಯುವಂತಿಲ್ಲ. "ಹಿಂದಿನ 420" ಎಂದು ಒಮ್ಮೆ ಗುರುತು ಹಿಡಿಸಿ, ಹೊಸದಕ್ಕೆ ದಾಟಬೇಕು.

ಸುದ್ದಿಯ ಬಿಸಿಯಲ್ಲಿ ಬರೆಯುವುದು ಬೇರೊಂದು ಕಷ್ಟ. 2025ರ ಫೆಬ್ರುವರಿಯಲ್ಲಿ ಕಿರುಸಾಲ ವಸೂಲಿಯ ದೌರ್ಜನ್ಯದ ವಿರುದ್ಧ ರಾಜ್ಯದಲ್ಲಿ ಸುಗ್ರೀವಾಜ್ಞೆ ಹೊರಟಾಗ, ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳ ನಡುವೆ "ಸಂಘದ ಸಾಲ ಮನ್ನಾ ಆಯಿತಂತೆ" ಎಂಬ ಮಾತು ಎರಡೇ ದಿನಕ್ಕೆ ಹಬ್ಬಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಬ್ಯಾಂಕುಗಳಿಗೂ ಹಣಕಾಸು ಸಂಸ್ಥೆಗಳಿಗೂ ಅದು ಅನ್ವಯಿಸುವುದಿಲ್ಲವೆಂಬ ವಾಕ್ಯವನ್ನು ಆ ವಾರದ ಅಂಕಣದ ಮೊದಲ ಸಾಲಾಗಿಯೇ ಇಡಬೇಕಾಯಿತು. ಕಾನೂನಿನ ಒಳ್ಳೆಯ ಸುದ್ದಿಯನ್ನು ಹೇಳುವಾಗ ಅದು ಯಾರಿಗೆ ದಕ್ಕುವುದಿಲ್ಲ ಎಂಬುದನ್ನು ಮೊದಲು ಹೇಳಬೇಕೆಂಬ ಈ ಕ್ರಮ ಓದಲು ಸೊಗಸಲ್ಲ, ಆದರೂ ಬಿಡಬಾರದು.

ವಾಕ್ಯ ಕಟ್ಟುವುದು: ಒಂದು ಚೆಕ್ಕಿನ ಕಥೆ

ನನ್ನ ಕೈಯಿಂದಲೇ ಆದ ಒಂದು ತಪ್ಪನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಚೆಕ್ ಬೌನ್ಸ್ ಬಗ್ಗೆ ಬರೆದಿದ್ದ ಅಂಕಣವೊಂದರಲ್ಲಿ, ಓದಲು ಸಲೀಸಾಗಲೆಂದು, ಹೀಗೊಂದು ವಾಕ್ಯ ಹಾಕಿದ್ದೆ: "ಚೆಕ್ ವಾಪಸಾದರೆ ಒಂದು ತಿಂಗಳೊಳಗೆ ನೋಟಿಸ್ ಕೊಟ್ಟು, ಹಣ ಬರದಿದ್ದರೆ ಕೋರ್ಟಿಗೆ ಹೋಗಬಹುದು." ಕಾಯ್ದೆ ಹೇಳುವುದು 30 ದಿನ. ಮೂವತ್ತು ದಿನವೆಂದರೇನು, ಒಂದು ತಿಂಗಳೆಂದರೇನು, ಎರಡೂ ಒಂದೇ ಎಂಬ ಉದಾಸೀನದಲ್ಲಿ ಸಂಖ್ಯೆಯನ್ನು ಪದವಾಗಿಸಿದ್ದೆ.

ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ ಮಾಡುವ ಓದುಗರೊಬ್ಬರು ಆ ತುಂಡನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದರು. ಅವರ ಚೆಕ್ ವಾಪಸಾದ ಮೆಮೊ ಬ್ಯಾಂಕಿನಿಂದ ಕೈಗೆ ಬಂದದ್ದು ಜುಲೈ 5ರಂದು. ಒಂದು ತಿಂಗಳ ಲೆಕ್ಕ ಹಿಡಿದು ಅವರು ಆಗಸ್ಟ್ 5ರಂದು ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸ್ ಕಳುಹಿಸಿದರು. ಜುಲೈ 31 ದಿನಗಳ ತಿಂಗಳು. ಮೆಮೊ ಬಂದ ದಿನವನ್ನು ಬಿಟ್ಟು ಎಣಿಸಿದರೆ ಮೂವತ್ತನೆಯ ದಿನ ಆಗಸ್ಟ್ 4ಕ್ಕೆ ಮುಗಿದಿತ್ತು. ಅಂಚೆ ರಸೀದಿಯನ್ನೂ ನನ್ನ ಅಂಕಣವನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟು ಅವರು ಏನೂ ಮಾತಾಡದೆ ಕುಳಿತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಫಿರ್ಯಾದು ತಡವಾದರೆ ಸಕಾರಣ ತೋರಿಸಿದಾಗ ನ್ಯಾಯಾಲಯ ಮನ್ನಿಸಬಹುದು. ನೋಟಿಸ್ ತಡವಾದುದನ್ನು ಮನ್ನಿಸಲು ಕಾಯ್ದೆಯಲ್ಲಿ ಅವಕಾಶವಿಲ್ಲ. ಚೆಕ್ಕಿನ ಮೂರು ತಿಂಗಳ ಅವಧಿ ಇನ್ನೂ ಮುಗಿಯದೇ ಇದ್ದದ್ದು ಅವರ ಪುಣ್ಯ, ನನ್ನದೂ ಪುಣ್ಯ. ಅವಧಿಯೊಳಗೆ ಚೆಕ್ಕನ್ನು ಮತ್ತೆ ಹಾಕಿ, ಅದು ಮತ್ತೆ ವಾಪಸಾದರೆ ಆ ಎರಡನೆಯ ಸಲದ ಮೇಲೆಯೂ ಪ್ರಕರಣ ಹೂಡಬಹುದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಎಂ.ಎಸ್.ಆರ್. ಲೆದರ್ಸ್ ತೀರ್ಪಿನಲ್ಲಿ ಹೇಳಿದೆ. ಅವರು ಹಾಗೆಯೇ ಮಾಡಿದರು.

ಆ ವಾಕ್ಯವನ್ನು ಈಗ ನಾನು ಬರೆಯುವುದು ಹೀಗೆ: "ಚೆಕ್ ಹಣವಾಗದೆ ವಾಪಸಾಗಿದೆಯೆಂದು ಬ್ಯಾಂಕಿನಿಂದ ನಿಮಗೆ ಮಾಹಿತಿ ಬಂದ ದಿನದಿಂದ 30 ದಿನಗಳೊಳಗೆ, ಚೆಕ್ ಕೊಟ್ಟವರಿಗೆ ಆ ಹಣವನ್ನು ಕೇಳಿ ಲಿಖಿತ ನೋಟಿಸ್ ಕಳುಹಿಸಬೇಕು. ನೋಟಿಸ್ ಅವರ ಕೈಸೇರಿದ ದಿನದಿಂದ ಹಣ ಕೊಡಲು ಅವರಿಗೆ 15 ದಿನಗಳ ಕಾಲಾವಕಾಶವಿದೆ. ಆ 15 ದಿನ ಕಳೆದೂ ಹಣ ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ನ್ಯಾಯಾಲಯದಲ್ಲಿ ಫಿರ್ಯಾದು ಸಲ್ಲಿಸಬೇಕು."

ಮೊದಲಿನದಕ್ಕಿಂತ ಇದು ಸುಮಾರು ನಾಲ್ಕು ಪಟ್ಟು ಉದ್ದ. ಆದರೆ ಪ್ರತಿ ಅವಧಿಯ ಪಕ್ಕದಲ್ಲಿಯೇ ಅದು ಯಾವ ದಿನದಿಂದ ಎಣಿಕೆಯಾಗುತ್ತದೆ ಎಂಬುದು ಕುಳಿತಿದೆ; ಯಾರು ಮಾಡಬೇಕು, ಯಾರಿಗೆ ಮಾಡಬೇಕು ಎಂಬುದೂ ಬಿಟ್ಟುಹೋಗಿಲ್ಲ. ಕಾಯ್ದೆ ಒಂದು ಕಡೆ "30 ದಿನ" ಎಂದು, ಇನ್ನೊಂದು ಕಡೆ "ಒಂದು ತಿಂಗಳು" ಎಂದು ಬೇಕೆಂದೇ ಬೇರೆಬೇರೆಯಾಗಿ ಹೇಳಿರುವಾಗ, ಬರಹಗಾರನೂ ಬೇರೆಬೇರೆಯಾಗಿಯೇ ಹೇಳಬೇಕು. ಸರಳಗೊಳಿಸಬೇಕಾದದ್ದು ವಾಕ್ಯವನ್ನು, ಕಾಯ್ದೆಯನ್ನಲ್ಲ. "ಸಲ್ಲಿಸಬಹುದು" ಎನ್ನುವುದರ ಬದಲು "ಸಲ್ಲಿಸಬೇಕು" ಎಂದದ್ದೂ ಕಾರಣವಿಲ್ಲದೆ ಅಲ್ಲ. ಕಾಲಮಿತಿಯ ಮಾತಿನಲ್ಲಿ "ಬಹುದು" ಬಂದರೆ, ಈಗ ಹೋಗದಿದ್ದರೆ ಮುಂದಿನ ತಿಂಗಳು ಹೋದರಾಯಿತು ಎಂದು ಓದುಗ ಅರ್ಥಮಾಡಿಕೊಳ್ಳುತ್ತಾನೆ.

ಅದೇ ಅಂಕಣದಲ್ಲಿ ನಾನು ಬಿಟ್ಟುಬಿಟ್ಟಿದ್ದ ಇನ್ನೊಂದು ಸಂಗತಿಯೆಂದರೆ ಪ್ರಕರಣವನ್ನು ಯಾವ ಊರಿನಲ್ಲಿ ಹೂಡಬೇಕೆಂಬುದು. ದಾವಣಗೆರೆಯ ವರ್ತಕನಿಗೆ ಚೆಕ್ ಕೊಟ್ಟವನು ಹುಬ್ಬಳ್ಳಿಯವನೋ ಈರೋಡಿನವನೋ ಆಗಿದ್ದರೆ, ಅವನ ನಿಜವಾದ ಚಿಂತೆ ಸೆಕ್ಷನ್ನಿನದಲ್ಲ, ತಿಂಗಳು ತಿಂಗಳು ಅಲ್ಲಿಗೆ ಅಲೆಯಬೇಕೇ ಎನ್ನುವುದು. 2015ರ ತಿದ್ದುಪಡಿಯ ನಂತರ, ಖಾತೆಗೆ ಜಮಾ ಮಾಡಲು ಹಾಕಿದ ಚೆಕ್ಕಿನ ವಿಷಯದಲ್ಲಿ, ಹಣ ಪಡೆಯಬೇಕಾದವನ ಖಾತೆಯಿರುವ ಶಾಖೆ ಎಲ್ಲಿದೆಯೋ ಅಲ್ಲಿನ ನ್ಯಾಯಾಲಯಕ್ಕೇ ಅಧಿಕಾರ. ಶಿಕ್ಷೆ ಎಷ್ಟೆಂಬುದಕ್ಕಿಂತ ಈ ಒಂದು ಮಾತು ಅವನಿಗೆ ಹೆಚ್ಚು ಬೇಕಾದದ್ದು.

ಪದಗಳ ಕಿತಾಪತಿ

ಕನ್ನಡದಲ್ಲಿ ಕಾನೂನು ಬರೆಯುವವರಿಗೆ ಪದಗಳ ಕೊರತೆಯಿದೆ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕಷ್ಟವಿರುವುದು ಒಂದೇ ಪದ ಹಲವು ಕೆಲಸ ಮಾಡುವುದರಲ್ಲಿ. "ಪ್ರಕರಣ" ಎಂದರೆ ಸರ್ಕಾರಿ ಅನುವಾದದಲ್ಲಿ ಕಾಯ್ದೆಯ ಸೆಕ್ಷನ್, ಪತ್ರಿಕೆಯಲ್ಲಿ ಕೇಸು. "ಈ ಪ್ರಕರಣದ ಮೇರೆಗೆ" ಎಂದು ಬರೆದರೆ ಯಾವುದೆಂದು ಓದುಗ ಊಹಿಸಬೇಕಾಗುತ್ತದೆ. ಆದ್ದರಿಂದ ನಾನು ಸೆಕ್ಷನ್ನಿಗೆ ಸೆಕ್ಷನ್ ಎಂದೇ ಬರೆಯುತ್ತೇನೆ. "ಜಾರಿ" ಇನ್ನೂ ತುಂಟ: ಕಾಯ್ದೆ ಜಾರಿಗೆ ಬರುತ್ತದೆ, ಸಮನ್ಸ್ ಜಾರಿಯಾಗುತ್ತದೆ, ಡಿಕ್ರಿಯೂ ಜಾರಿಯಾಗುತ್ತದೆ. ಮೊದಲನೆಯದಕ್ಕೆ ಜಾರಿಯನ್ನು ಉಳಿಸಿಕೊಂಡು, ಸಮನ್ಸ್ ಕೈಗೆ ಮುಟ್ಟಿತು ಎಂದೂ, ಡಿಕ್ರಿಗೆ ಅಮಲ್ಜಾರಿ ಎಂದೂ ಬರೆದರೆ ಗೊಂದಲವಿಲ್ಲ. "ತಕರಾರು" ಎಂದರೆ ಮ್ಯುಟೇಷನ್ ನೋಟಿಸಿನಲ್ಲಿ ಆಕ್ಷೇಪಣೆ, ಮನೆಯಲ್ಲಿ ಜಗಳ. ತಕರಾರು ಸಲ್ಲಿಸಿ ಎಂದು ಅಂಕಣದಲ್ಲಿ ಬರೆದದ್ದನ್ನು ಓದಿ, "ನಮಗೆ ಅಣ್ಣತಮ್ಮಂದಿರ ನಡುವೆ ತಕರಾರು ಬೇಡ ಸರ್" ಎಂದು ಸುಮ್ಮನಾದವರೂ ಇದ್ದಾರೆ. ಜಾಮೀನು ಸಿಕ್ಕಿತೆಂದರೆ ಕೇಸೇ ಮುಗಿಯಿತೆಂದು ಊರಿಗೆಲ್ಲ ಸಿಹಿ ಹಂಚುವುದು ನಮ್ಮಲ್ಲಿ ಹೊಸದೇನಲ್ಲ; ಜಾಮೀನು ಬೇರೆ, ಖುಲಾಸೆ ಬೇರೆ ಎಂಬುದನ್ನು ಅಪರಾಧ ಕಾನೂನಿನ ಪ್ರತಿ ಲೇಖನದಲ್ಲಿಯೂ ನೆನಪಿಸಬೇಕಾಗುತ್ತದೆ.

ಜನ ಬಳಸುವ ಇಂಗ್ಲಿಷ್ ಪದಕ್ಕೆ ಸಂಸ್ಕೃತದ ಕಿರೀಟ ತೊಡಿಸುವ ಚಪಲ ಬೇಡ. ಸ್ಟೇ, ಎಫ್‌ಐಆರ್, ನೋಟಿಸ್, ವಿಲ್ ಇವೆಲ್ಲ ಹಳ್ಳಿಯ ಕಟ್ಟೆಯ ಮೇಲೂ ಚಲಾವಣೆಯಲ್ಲಿರುವ ಕನ್ನಡ ಪದಗಳೇ.

ಗುರುತು ಸಿಗದಂತೆ ಬರೆಯುವುದು

ಬೆಂಗಳೂರಿನ ಓದುಗನ ಹೆಸರನ್ನು ಬದಲಿಸಿದರೆ ಗುರುತು ಮರೆಯಾಗುತ್ತದೆ. ನಮ್ಮ ಕಡೆ ಹಾಗಲ್ಲ. "ಹೊನ್ನಾಳಿ ತಾಲ್ಲೂಕಿನ, ಮೂವರು ಅಣ್ಣಂದಿರಿರುವ, ಕೊಬ್ಬರಿ ವ್ಯಾಪಾರಿಯ ಮಗಳು" ಎಂದು ಬರೆದರೆ ಸಂಜೆಯೊಳಗೆ ಊರಿಗೆ ಊರೇ ಅವಳ ಹೆಸರು ಹೇಳುತ್ತದೆ. ತಾಲ್ಲೂಕು, ಬೆಳೆ, ಕಸುಬು, ಅಣ್ಣಂದಿರ ಸಂಖ್ಯೆ ಎಲ್ಲವನ್ನೂ ಬದಲಿಸಬೇಕು. ಬದಲಿಸಬಾರದ್ದು ಕಾನೂನಿನ ಉತ್ತರವನ್ನು ಹೊರುವ ಸಂಗತಿಗಳನ್ನು: ತಂದೆ ತೀರಿಕೊಂಡ ವರ್ಷ, ಆಸ್ತಿಯ ಬಗೆ, ನೋಂದಣಿಯಾಗಿದೆಯೋ ಇಲ್ಲವೋ. ಯಾವುದನ್ನು ಬದಲಿಸಿದರೂ ಉತ್ತರ ಬದಲಾಗುವುದಿಲ್ಲವೋ ಅದನ್ನು ಬದಲಿಸಿ. ಹೀಗೆ ಬೇರ್ಪಡಿಸುವ ಅಭ್ಯಾಸವಾದರೆ, ಒಂದು ತೀರ್ಪಿನಲ್ಲಿ ಯಾವ ಸಂಗತಿಯಿಂದಾಗಿ ತೀರ್ಪು ಹಾಗೆ ಬಂತು ಎಂದು ಗುರುತಿಸುವುದೂ ತಾನಾಗಿಯೇ ಬರುತ್ತದೆ.

ಲೈಂಗಿಕ ಅಪರಾಧಗಳ ವಿಷಯದಲ್ಲಿ ಇದು ಬರಿಯ ಸೌಜನ್ಯವಲ್ಲ. ಸಂತ್ರಸ್ತೆಯ ಗುರುತು ಬಯಲಾಗುವಂಥದ್ದನ್ನು ಅಚ್ಚು ಮಾಡುವುದು ನ್ಯಾಯ ಸಂಹಿತೆಯ 72ನೆಯ ಸೆಕ್ಷನ್ನಿನಡಿ ಶಿಕ್ಷಾರ್ಹ. ಮಕ್ಕಳ ವಿಷಯದಲ್ಲಿ ಪೋಕ್ಸೊ ಕಾಯ್ದೆಯ 23ನೆಯ ಸೆಕ್ಷನ್ ಇನ್ನೂ ಬಿಗಿ. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆಯ ಬಗ್ಗೆ ಒಬ್ಬ ಕಕ್ಷಿದಾರ ಪತ್ರ ಬರೆದು ಕೇಳಿದರೆ, ಆ ದಾವೆಯ ಫಲಿತಾಂಶವನ್ನು ಅಂಕಣದಲ್ಲಿ ನುಡಿಯಲು ಹೋಗಬಾರದು. ಅವರ ವಕೀಲರನ್ನು ಕೇಳುವಂತೆ ಹೇಳಿ, ಸಾಮಾನ್ಯ ನಿಯಮವನ್ನಷ್ಟೇ ವಿವರಿಸಬೇಕು.

ಹಣದ ಮಾತು

ಅಂಕಣದ ಸಂಭಾವನೆಯಿಂದ ಮನೆ ನಡೆಯುವುದಿಲ್ಲ. ಜಿಲ್ಲಾ ಪತ್ರಿಕೆಗಳಲ್ಲಿ ಎಷ್ಟೋ ಸಲ ಸಂಭಾವನೆಯೇ ಇರುವುದಿಲ್ಲ. ಅಂಕಣದಿಂದ ಸಿಗುವುದು ಹೆಸರು. ಹೆಸರಿನಿಂದ ಉಳಿದ ಕೆಲಸಗಳು ಬರುತ್ತವೆ. ಚಿತ್ರದುರ್ಗದ ಆಕಾಶವಾಣಿಯಂಥ ಕೇಂದ್ರಗಳ ಭಾಷಣ, ಕಾನೂನು ಅರಿವು ಶಿಬಿರಗಳಿಗೆ ಬೇಕಾಗುವ ಕಿರುಹೊತ್ತಗೆ, ದಸ್ತಾವೇಜುಗಳ ಅನುವಾದ, ಕಾಲೇಜಿನಲ್ಲಿ ವಾರಕ್ಕೆರಡು ತರಗತಿ. ಇವುಗಳಲ್ಲಿ ಅನುವಾದವೇ ಹೆಚ್ಚು ದುಡ್ಡಿನದೂ ಹೆಚ್ಚು ಕಲಿಸುವಂಥದ್ದೂ ಆಗಿದೆ. ಮೊದಲ ಎರಡು ಮೂರು ವರ್ಷ ವಕೀಲಿಯ ಇನ್ನೊಂದು ಕಾಲನ್ನು ನೆಲದ ಮೇಲೆ ಊರಿಯೇ ಇರಬೇಕು. ನ್ಯಾಯಾಲಯಕ್ಕೆ ಹೋಗುವುದನ್ನು ಬಿಟ್ಟವನ ಬರಹದಲ್ಲಿ ಬೇಗನೆ ಪುಸ್ತಕದ ವಾಸನೆ ಹೊಡೆಯತೊಡಗುತ್ತದೆಂಬುದೂ ಇದಕ್ಕೆ ಕಾರಣ.

ತಪ್ಪಾದಾಗ

ತಪ್ಪಾಗುತ್ತದೆ. ಎರಡು ಕಡತಗಳನ್ನು ಇಟ್ಟುಕೊಳ್ಳಬೇಕು: ಒಂದರಲ್ಲಿ ಪ್ರಕಟವಾದ ಪ್ರತಿ ಅಂಕಣ, ಅದರ ಅಂಚಿನಲ್ಲಿ ಯಾವ ಕಾಯ್ದೆಯ ಯಾವ ಸೆಕ್ಷನ್ನನ್ನು ಯಾವ ದಿನ ನೋಡಿ ಬರೆದದ್ದೆಂಬ ಟಿಪ್ಪಣಿಯೊಡನೆ, ಇನ್ನೊಂದರಲ್ಲಿ ಸೆಕ್ಷನ್ನಿನ ಪ್ರಕಾರ ಹಾಕಿದ ಪಟ್ಟಿ. ಕಾಯ್ದೆ ತಿದ್ದುಪಡಿಯಾದ ದಿನ ಈ ಎರಡನೆಯ ಕಡತವನ್ನು ತೆಗೆದರೆ, ಯಾವ ಯಾವ ಹಳೆಯ ಅಂಕಣ ಈಗ ಓದುಗನನ್ನು ದಾರಿ ತಪ್ಪಿಸಬಹುದೆಂದು ತಕ್ಷಣ ಗೊತ್ತಾಗುತ್ತದೆ.

ತಿದ್ದುಪಡಿಯನ್ನು ಅಂಕಣ ಬರುವ ಜಾಗದಲ್ಲಿಯೇ, ಅಂಕಣದ ಅಕ್ಷರದ ಗಾತ್ರದಲ್ಲಿಯೇ ಹಾಕಿಸಬೇಕು. ಒಳಪುಟದ ಮೂಲೆಯಲ್ಲಿ ಹಾಕೋಣವೆಂದು ಸಂಪಾದಕರು ಹೇಳಿದರೆ, ಮುಂದಿನ ವಾರದ ಅಂಕಣವನ್ನು ಚಿಕ್ಕದು ಮಾಡಿಯಾದರೂ ಜಾಗ ಬಿಡಿಸಬೇಕು. "ಕಣ್ತಪ್ಪಿನಿಂದ" ಎನ್ನುವ ಪದವನ್ನು ಬಳಸಬಾರದು. ತಪ್ಪು ಹೇಗಾಯಿತೆಂಬುದು ಓದುಗನಿಗೆ ಬೇಡ, ಸರಿಯಾದದ್ದು ಯಾವುದೆಂಬುದು ಬೇಕು. ಮೆಕ್ಕೆಜೋಳದ ವ್ಯಾಪಾರಿ ಬಂದುಹೋದ ವಾರ ನಾನು ಹಾಕಿಸಿದ ತಿದ್ದುಪಡಿ ಹೀಗಿತ್ತು:

"ಈ ಅಂಕಣದಲ್ಲಿ ಹಿಂದೆ, ಚೆಕ್ ವಾಪಸಾದರೆ ಒಂದು ತಿಂಗಳೊಳಗೆ ನೋಟಿಸ್ ಕೊಡಬೇಕೆಂದು ಬರೆಯಲಾಗಿತ್ತು. ಅದು ತಪ್ಪು. ಬ್ಯಾಂಕಿನಿಂದ ಮಾಹಿತಿ ಬಂದ ದಿನದಿಂದ 30 ದಿನಗಳೊಳಗೆ ನೋಟಿಸ್ ಕಳುಹಿಸಬೇಕು. 31 ದಿನಗಳ ತಿಂಗಳಿನಲ್ಲಿ ಇವೆರಡೂ ಒಂದೇ ಅಲ್ಲ. ಹಿಂದಿನ ಅಂಕಣವನ್ನು ಕತ್ತರಿಸಿಟ್ಟುಕೊಂಡವರು ದಯವಿಟ್ಟು ಅದರ ಮೇಲೆ ಇದನ್ನು ಅಂಟಿಸಿಕೊಳ್ಳಬೇಕು."